ನಾಲ್ಕು ತಂಡ, ಮೂರು ಓಎಸ್: ಕೋಡ್ ಇಡುವ ಜಾಗ ಒಂದೇ ಇರಬಹುದಾ?

ಪ್ರಶ್ನೆ

ಮೇಡಂ, ನಾನು ಹುಬ್ಬಳ್ಳಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರಾಜೆಕ್ಟ್ ನೋಡಿಕೊಳ್ಳುತ್ತೇನೆ. ಒಟ್ಟು 22 ಜನ ಇದ್ದೇವೆ. ಎಪಿಎಂಸಿ ದಲಾಲರಿಗೆ, ಕೋಲ್ಡ್ ಸ್ಟೋರೇಜ್‌ನವರಿಗೆ ತೂಕ, ಸ್ಟಾಕು, ಬಿಲ್ಲಿನ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ತೂಕದ ಯಂತ್ರದ ಪಕ್ಕ ಕೂರುವ ಪ್ರೋಗ್ರಾಂ ವಿಂಡೋಸ್‌ನದು. ಅದರ ಕೋಡ್ ಹತ್ತು ವರ್ಷದಿಂದ ಎಸ್‌ವಿಎನ್‌ನಲ್ಲಿದೆ, ಅಂದರೆ ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಟೂಲ್‌ನಲ್ಲಿ. ಸರ್ವರ್ ತಂಡ ಲಿನಕ್ಸ್ ಮೇಲೆ ಗಿಟ್ ಬಳಸುತ್ತದೆ, ಅದೂ ಅದೇ ಕೆಲಸದ ಇನ್ನೊಂದು ಟೂಲ್. ಮೊಬೈಲ್ ಆ್ಯಪ್ ಮಾಡುವವರು ಮ್ಯಾಕ್‌ನಲ್ಲಿದ್ದಾರೆ, ಅವರದೂ ಗಿಟ್, ಆದರೆ ಬೇರೆ ಖಾತೆ. ತೂಕದ ಬೋರ್ಡಿನ ಫರ್ಮ್‌ವೇರ್ (ಬೋರ್ಡಿನ ಚಿಪ್ಪಿನೊಳಗೇ ಓಡುವ ಪ್ರೋಗ್ರಾಂ) ಬರೆಯುವ ಇಬ್ಬರು ಧಾರವಾಡದಲ್ಲಿ ಕೂರುತ್ತಾರೆ. ಅವರು ಕೋಡನ್ನು ಜಿಪ್ ಮಾಡಿ ಮೇಲ್ ಕಳಿಸುತ್ತಾರೆ. ಏನಾದರೂ ಕೆಟ್ಟರೆ ನಾಲ್ಕೂ ತಂಡದವರು ಹೇಳುವುದು ಒಂದೇ ಮಾತು, "ನಮ್ಮ ಸಿಸ್ಟಮ್‌ನ್ಯಾಗ ಬರೋಬ್ಬರಿ ನಡೀತೈತ್ರೀ."

ಎಲ್ಲರಿಗೂ ಒಂದೇ ಕಾನ್ಫಿಗರೇಶನ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ತನ್ನಿ ಎಂದು ನಮ್ಮ ಮಾಲೀಕರು ಹೇಳಿದ್ದಾರೆ. ದುಡ್ಡು ಕೊಟ್ಟು ದೊಡ್ಡ ಟೂಲ್ ತರೋಣ ಎಂದೂ ಅವರಿಗೆ ಮನಸ್ಸಿದೆ. ವಿಂಡೋಸ್ ತಂಡದ ಹಿರಿಯರಿಗೆ ಗಿಟ್ ಬೇಡ. ಅದು ಲಿನಕ್ಸ್‌ನವರದು, ಹತ್ತು ವರ್ಷದ ಹಿಸ್ಟರಿ ಹೋಗುತ್ತದೆ ಅನ್ನುತ್ತಾರೆ. ಒಮ್ಮೆ ಪ್ರಯತ್ನ ಮಾಡಿದಾಗ ಒಂದು ಸಾಲು ತಿದ್ದಿದರೆ ಇಡೀ ಫೈಲ್ ಬದಲಾದಂತೆ ತೋರಿಸಿತು, ಅಲ್ಲಿಗೇ ಬಿಟ್ಟೆವು. ನಿಜವಾಗಿ ಇದು ಆಗುವ ಕೆಲಸವಾ?

ಉತ್ತರ

ಆಗುವ ಕೆಲಸ. ಆದರೆ "ಯಾವ ಟೂಲ್" ಅನ್ನುವಲ್ಲಿಂದ ಶುರು ಮಾಡಬೇಡಿ. ನಿಮ್ಮ ಪತ್ರದಲ್ಲಿ ನಾನು ನಿಂತದ್ದು "ಬರೋಬ್ಬರಿ ನಡೀತೈತ್ರೀ" ಅನ್ನುವ ಸಾಲಿನ ಹತ್ತಿರ. ಅವರು ಸುಳ್ಳು ಹೇಳುತ್ತಿಲ್ಲ. ಅವರವರ ಕಂಪ್ಯೂಟರಿನಲ್ಲಿ ಅದು ನಡೆಯುತ್ತಲೇ ಇರುತ್ತದೆ. ಗಿರಾಕಿಯ ಅಂಗಡಿಯಲ್ಲಿ ಇರುವುದು ಮಾತ್ರ ನಾಲ್ಕು ತಂಡದ ಕೋಡ್ ಸೇರಿದ ಐದನೆಯ ಒಂದು ವಸ್ತು. ಅದನ್ನು ನಿಮ್ಮ ಆಫೀಸಿನಲ್ಲಿ ಯಾರೂ ಪೂರ್ತಿ ನೋಡಿಲ್ಲ. ನಿಮ್ಮ ಚಿಂತೆಯ ಬೇರು ಅಲ್ಲಿದೆ ಅಂತ ನನಗನಿಸುತ್ತದೆ.

ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ನಾನಿದ್ದ ಕಂಪನಿ ಹಾವೇರಿ ಜಿಲ್ಲೆಯ ಒಂದು ಕೋಲ್ಡ್ ಸ್ಟೋರೇಜ್‌ಗೆ ಇಂಥದ್ದೇ ಸಾಫ್ಟ್‌ವೇರ್ ಕೊಟ್ಟಿತ್ತು. ಮೆಣಸಿನಕಾಯಿ ಸೀಸನ್, ಅಂಗಳದ ತುಂಬ ಚೀಲ. ತೂಕದ ಬೋರ್ಡು ಕಂಪ್ಯೂಟರಿಗೆ ಸೀರಿಯಲ್ ಕೇಬಲ್‌ನಲ್ಲಿ ಒಂದು ಸಾಲು ಕಳಿಸುತ್ತದೆ ಅಲ್ವಾ, ಅದರಲ್ಲಿ ತೂಕದ ಅಂಕಿಯ ಜೊತೆ ಒಂದು ಅಕ್ಷರವೂ ಇರುತ್ತದೆ. ತಟ್ಟೆ ಇನ್ನೂ ಅಲ್ಲಾಡುತ್ತಿದೆಯೋ, ನಿಂತಿದೆಯೋ ಅಂತ ಹೇಳುವ ಅಕ್ಷರ ಅದು. ಹೊಸ ಫರ್ಮ್‌ವೇರ್‌ನಲ್ಲಿ ಆ ಅಕ್ಷರ ಒಂದು ಸ್ಥಾನ ಆಚೆಗೆ ಸರಿದಿತ್ತು. ವಿಂಡೋಸ್ ಪ್ರೋಗ್ರಾಂ ಹಳೆಯ ಸ್ಥಾನವನ್ನೇ ನೋಡುತ್ತಿತ್ತು. ಹೀಗಾಗಿ ತಟ್ಟೆ ನಿಲ್ಲುವ ಮೊದಲೇ ತೂಕ ಬರೆದುಕೊಳ್ಳತೊಡಗಿತು. ಚೀಲಕ್ಕೆ ಇನ್ನೂರು, ಮುನ್ನೂರು ಗ್ರಾಂ ಹೆಚ್ಚುಕಡಿಮೆ. ಒಂದೊಂದೇ ಚೀಲ ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಲೆಕ್ಕ ಕೂಡಿಸಿದಾಗ ಗೊತ್ತಾಯಿತು.

ತಪ್ಪು ತಿದ್ದಲು ಅರ್ಧ ಗಂಟೆ ಸಾಕಾಯಿತು. ಆ ಬೋರ್ಡಿನಲ್ಲಿ ಯಾವ ಫರ್ಮ್‌ವೇರ್ ಇದೆ ಅಂತ ಪತ್ತೆ ಹಚ್ಚಲು ಮೂರು ದಿನ ಹಿಡಿಯಿತು. ಒಬ್ಬರ ಲ್ಯಾಪ್‌ಟಾಪಿನಲ್ಲಿ "ಫೈನಲ್", "ಫೈನಲ್ 2", "ಫೈನಲ್ ಕರೆಕ್ಟ್" ಅಂತ ಮೂರು ಜಿಪ್ ಇದ್ದವು. ಮೂರರಲ್ಲಿ ಯಾವುದು ಆ ಊರಿಗೆ ಹೋಗಿದೆ ಎಂದು ಬರೆದವರಿಗೇ ನೆನಪಿರಲಿಲ್ಲ. ಆ ಮೂರು ದಿನ ಅಂಗಳದಲ್ಲಿ ಚೀಲದ ಮೇಲೆ ಕೂತು ಕಾಯುತ್ತಿದ್ದ ರೈತರ ಮುಖ ನನಗೆ ಇನ್ನೂ ಮರೆತಿಲ್ಲ. ಅವರಿಗೆ ಇನ್ನೂರು ಗ್ರಾಂ ಅಂದರೆ ಅದು ಸಾಫ್ಟ್‌ವೇರಿನ ಮಾತಲ್ಲ, ರೊಕ್ಕದ ಮಾತು.

ಕಾನ್ಫಿಗರೇಶನ್ ಮ್ಯಾನೇಜ್‌ಮೆಂಟ್ ಅಂದರೆ ಇಷ್ಟೇ. ಪ್ರತಿ ತುಣುಕಿಗೂ ಒಂದು ಗುರುತು ಇರಬೇಕು. ಅದನ್ನು ಯಾರು, ಯಾವಾಗ, ಯಾಕೆ ಬದಲಿಸಿದರು ಎಂದು ಗೊತ್ತಿರಬೇಕು. ಯಾವ ಗಿರಾಕಿಯ ಹತ್ತಿರ ಯಾವ ಯಾವ ತುಣುಕು ಸೇರಿ ಹೋಗಿವೆ ಎಂದು ಹೇಳಲು ಬರಬೇಕು. ಹೇಳಿದ್ದು ನಿಜವೇ ಎಂದು ಹೋಗಿ ನೋಡಿ ಖಾತ್ರಿ ಮಾಡಿಕೊಳ್ಳಲು ಬರಬೇಕು. ಗಿಟ್, ಎಸ್‌ವಿಎನ್ ಎಲ್ಲ ಈ ಕೆಲಸದ ಕಪಾಟುಗಳು. ನಿಮ್ಮಲ್ಲಿ ಈಗಾಗಲೇ ಕಪಾಟು ಮೂರಿವೆ. ಇಲ್ಲದಿರುವುದು ಮೂರನೆಯ ಮತ್ತು ನಾಲ್ಕನೆಯ ಕೆಲಸ.

ನಮ್ಮ ಭಾಗದ ಹಿರಿಯರಿಗೆ ಮೀಟರ್ ಗೇಜ್ ಕಾಲ ನೆನಪಿರುತ್ತದೆ. ಹುಬ್ಬಳ್ಳಿಯಿಂದ ಪುಣೆ, ಮುಂಬೈ ಕಡೆ ಹೋಗುವವರು ಮಿರಜದಲ್ಲಿ ಇಳಿದು ಬ್ರಾಡ್ ಗೇಜ್ ಗಾಡಿ ಹತ್ತಬೇಕಿತ್ತು. ಜನರೇನೋ ಇಳಿದು ಹತ್ತುತ್ತಾರೆ. ಸರಕನ್ನು ಒಂದು ವ್ಯಾಗನ್ನಿನಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕಾಗುತ್ತಿತ್ತು. ಧಾರವಾಡದಿಂದ ಹುಬ್ಬಳ್ಳಿಗೆ ಬರುವ ನಿಮ್ಮ ಜಿಪ್ ಫೈಲು ಹಾಗೆ ಇಳಿಸಿ ಏರಿಸುವ ಸರಕು. ಕಳೆದುಹೋಗುವುದು, ಅದಲು ಬದಲಾಗುವುದು ಆ ಜಾಗದಲ್ಲೇ. ತಂಡಗಳ ಸ್ಟೇಷನ್ ಬೇರೆ ಬೇರೆ ಇರಲಿ. ಹಳಿ ಒಂದೇ ಅಳತೆಯದಾದರೆ ಸಾಕು.

ಈಗ ನಿಮ್ಮ ಆಫೀಸಿನಲ್ಲಿ ಓಡಾಡುತ್ತಿರುವ ಮಾತುಗಳಿಗೆ ಬರೋಣ.

ಗಿಟ್ ಲಿನಕ್ಸ್‌ನವರದು ಅನ್ನುವುದು ಹುಟ್ಟಿನ ಮಟ್ಟಿಗೆ ನಿಜ. 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಅದನ್ನು ಬರೆದದ್ದು ಲಿನಕ್ಸ್ ಕರ್ನಲ್‌ನ, ಅಂದರೆ ಆ ಓಎಸ್‌ನ ತಿರುಳಿನ, ಕೆಲಸಕ್ಕಾಗಿ. ಮೊದಲ ಕೆಲವು ವರ್ಷ ವಿಂಡೋಸ್‌ನಲ್ಲಿ ಅದನ್ನು ನಡೆಸುವುದು ಕಷ್ಟವೇ ಇತ್ತು. ನಿಮ್ಮ ಹಿರಿಯರು ಆ ಕಾಲದಲ್ಲಿ ನೋಡಿದ್ದರೆ ಅವರ ಅಭಿಪ್ರಾಯ ತಪ್ಪಲ್ಲ. ಆಮೇಲೆ ಕಾಲ ಬದಲಾಯಿತು. ವಿಂಡೋಸ್ ಅನ್ನುವ ಓಎಸ್‌ನ ಸ್ವಂತ ಕೋಡನ್ನೇ ಮೈಕ್ರೋಸಾಫ್ಟ್ 2017ರಲ್ಲಿ ಗಿಟ್‌ಗೆ ತಂದಿತು. ಸುಮಾರು 35 ಲಕ್ಷ ಫೈಲು, 300 ಜಿಬಿಯಷ್ಟು ಕೋಡ್. ಅಷ್ಟು ದೊಡ್ಡದಕ್ಕೆ ಅವರು ಬೇರೆ ತಂತ್ರಾಂಶವನ್ನೇ ಜೊತೆಗೆ ಕಟ್ಟಬೇಕಾಯಿತು, ಅದು ಬೇರೆ ಮಾತು. ನಿಮ್ಮ ಕೋಡಿಗೆ ಅದು ಯಾವುದೂ ಬೇಡ.

ಒಂದೇ ಸಿಸ್ಟಮ್ ಅಂದರೆ ಒಂದೇ ರೆಪೊ (ಕೋಡ್ ಮತ್ತು ಅದರ ಹಿಸ್ಟರಿ ಇಡುವ ಕಣಜ), ಎಲ್ಲರ ಕೋಡೂ ಒಂದೇ ಗೋಣಿಚೀಲದಲ್ಲಿ ಅನ್ನುವ ಭಯವೂ ಇರುತ್ತದೆ. ಹಾಗೇನಿಲ್ಲ. ನಾಲ್ಕು ರೆಪೊ ಇರಲಿ. ಒಂದೇ ಸರ್ವರ್, ಒಂದೇ ಹೆಸರಿಡುವ ಪದ್ಧತಿ, ಒಂದೇ ಬ್ಯಾಕಪ್ ಇದ್ದರೆ ಸಾಕು.

ಹಿಸ್ಟರಿ ಹೋಗುತ್ತದೆ ಅನ್ನುವುದು ತಪ್ಪು. ಎಸ್‌ವಿಎನ್‌ನ ಕಮಿಟ್‌ಗಳನ್ನು, ಅಂದರೆ ಒಂದೊಂದಾಗಿ ದಾಖಲಾದ ಬದಲಾವಣೆಗಳನ್ನು, ದಿನಾಂಕ, ಬರೆದವರ ಹೆಸರು, ಟಿಪ್ಪಣಿಯ ಸಮೇತ ಗಿಟ್‌ಗೆ ತರುವ ಸಾಧನ ಗಿಟ್‌ನ ಜೊತೆಗೇ ಬರುತ್ತದೆ. ಆದರೆ ಕೆಲವು ಬರುವುದಿಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಖಾಲಿ ಫೋಲ್ಡರುಗಳನ್ನು ಗಿಟ್ ಇಟ್ಟುಕೊಳ್ಳುವುದಿಲ್ಲ. ಬೇರೆ ರೆಪೊದಿಂದ ಫೋಲ್ಡರ್ ಎಳೆದುಕೊಳ್ಳುವ ಎಸ್‌ವಿಎನ್‌ನ ಎಕ್ಸ್‌ಟರ್ನಲ್ಸ್ ತಾನಾಗಿ ಬರುವುದಿಲ್ಲ. ಇನ್ನೊಂದು ಮುಖ್ಯ. ಎಸ್‌ವಿಎನ್‌ನ ರಿವಿಷನ್ ನಂಬರ್ ಒಂದು, ಎರಡು, ಮೂರು ಎಂದು ಏರುತ್ತಾ ಹೋಗುತ್ತದೆ. ಎಷ್ಟೋ ವಿಂಡೋಸ್ ಪ್ರೋಗ್ರಾಂಗಳು ಅದನ್ನೇ ವರ್ಷನ್ ನಂಬರ್ ಆಗಿ ಪರದೆಯ ಮೇಲೆ ತೋರಿಸುತ್ತವೆ. ಗಿಟ್‌ನಲ್ಲಿ ಆ ಥರದ ಏರುವ ಅಂಕಿ ಇಲ್ಲ. ನಿಮ್ಮಲ್ಲೂ ಹಾಗೆ ಮಾಡಿದ್ದರೆ ವರ್ಷನ್ ನಂಬರನ್ನು ಟ್ಯಾಗ್‌ನಿಂದ (ಒಂದು ಕಮಿಟ್‌ಗೆ ಕೊಡುವ ಹೆಸರು) ತೆಗೆದುಕೊಳ್ಳುವಂತೆ ಬಿಲ್ಡ್, ಅಂದರೆ ಕೋಡಿನಿಂದ ಓಡುವ ಪ್ರೋಗ್ರಾಂ ತಯಾರಿಸುವ ಕ್ರಮ, ತಿದ್ದಬೇಕು. ಹಳೆಯ ಎಸ್‌ವಿಎನ್ ಸರ್ವರನ್ನು ಅಳಿಸಬೇಡಿ. ಬರೆಯಲು ಬಾರದಂತೆ, ಓದಲು ಮಾತ್ರ ಬರುವಂತೆ ಮಾಡಿ ಇಟ್ಟುಬಿಡಿ. ಹಿರಿಯರ ಅರ್ಧ ಭಯ ಅಲ್ಲಿಗೇ ಹೋಗುತ್ತದೆ.

ಇನ್ನು ದುಡ್ಡಿನ ಟೂಲ್. ಕೆಲವಕ್ಕೆ ದುಡ್ಡು ಕೊಡುವುದು ಸರಿಯೇ. ಉದಾಹರಣೆಗೆ ಪರ್ಫೋರ್ಸ್. ಗೇಮ್ ಮಾಡುವ ಸ್ಟುಡಿಯೋಗಳು, ದೊಡ್ಡ ದೊಡ್ಡ ಚಿತ್ರ, ವಿನ್ಯಾಸದ ಫೈಲು ಇರುವವರು ಅದನ್ನು ಬಳಸುವುದಕ್ಕೆ ಕಾರಣವಿದೆ. ನಿಮ್ಮ ಕೆಲಸದಲ್ಲಿ ಆ ಕಾರಣ ನನಗೆ ಕಾಣುತ್ತಿಲ್ಲ. ಜಿಪ್ ಮೇಲ್ ಮಾಡುವ ಅಭ್ಯಾಸವನ್ನು ಯಾವ ಲೈಸೆನ್ಸೂ ಬಿಡಿಸುವುದಿಲ್ಲ. ಮಾಲೀಕರ ಹತ್ತಿರ ದುಡ್ಡು ಇದ್ದರೆ ಬಿಲ್ಡ್ ಮಾಡುವುದಕ್ಕೇ ಮೀಸಲಾದ ಕಂಪ್ಯೂಟರ್ ತರಿಸಿ ಎಂದು ಹೇಳುತ್ತೇನೆ. ಅದರ ಮಾತು ಮುಂದೆ ಬರುತ್ತದೆ.

ಒಂದು ಸಾಲು ತಿದ್ದಿದರೆ ಇಡೀ ಫೈಲ್ ಬದಲಾಯಿತು

ನಿಮ್ಮ ಮೊದಲ ಪ್ರಯತ್ನ ಕೆಟ್ಟದ್ದು ಇಲ್ಲಿ. ಇದು ಗಿಟ್‌ನ ದೋಷವಲ್ಲ, ನಿಮ್ಮ ತಂಡದವರದೂ ಅಲ್ಲ. ಟೈಪ್‌ರೈಟರ್ ಕಾಲದ ಕಥೆ ಅದು.

ಟೈಪ್‌ರೈಟರ್‌ನಲ್ಲಿ ಸಾಲು ಮುಗಿದಾಗ ಎರಡು ಕೆಲಸ ಆಗುತ್ತಿತ್ತು. ಗಾಡಿಯನ್ನು ಬಲಕ್ಕೆ ತಳ್ಳಿ ಸಾಲಿನ ಆರಂಭಕ್ಕೆ ಬರುವುದು ಒಂದು, ಹಾಳೆಯನ್ನು ಒಂದು ಸಾಲು ಮೇಲೆ ಸರಿಸುವುದು ಇನ್ನೊಂದು. ಕಂಪ್ಯೂಟರಿನಲ್ಲಿ ಇವಕ್ಕೆ ಎರಡು ಗುಪ್ತ ಅಕ್ಷರಗಳಿವೆ, ಸಿಆರ್ ಮತ್ತು ಎಲ್ಎಫ್. ಡಾಸ್‌ನಿಂದ ಬಂದ ವಿಂಡೋಸ್ ಸಾಲಿನ ಕೊನೆಗೆ ಎರಡನ್ನೂ ಇಡುತ್ತದೆ. ಯುನಿಕ್ಸ್ ವಂಶದ ಲಿನಕ್ಸ್ ಮತ್ತು ಇವತ್ತಿನ ಮ್ಯಾಕ್ ಎಲ್ಎಫ್ ಒಂದನ್ನೇ ಇಡುತ್ತವೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ವಿಂಡೋಸ್‌ನ ಎಡಿಟರ್ ಒಂದು ಫೈಲನ್ನು ತೆರೆದು ಉಳಿಸುವಾಗ ಪ್ರತಿ ಸಾಲಿನ ಕೊನೆಗೂ ಒಂದು ಸಿಆರ್ ಸೇರಿಸಿದರೆ ಅಕ್ಷರಶಃ ಪ್ರತಿ ಸಾಲೂ ಬದಲಾದಂತೆಯೇ. ಗಿಟ್ ಇದ್ದದ್ದನ್ನು ಇದ್ದ ಹಾಗೆ ಹೇಳಿತು, ಅಷ್ಟೇ.

ಎಸ್‌ವಿಎನ್‌ನಲ್ಲಿ ಈ ತಲೆನೋವು ಇರಲಿಲ್ಲವಾ? ಇತ್ತು. ಅಲ್ಲಿ ಪ್ರತಿ ಫೈಲಿಗೂ ಸಾಲಿನ ಕೊನೆ ಹೇಗಿರಬೇಕು ಎಂದು ಹೇಳುವ ಗುಣವೊಂದನ್ನು ಹಚ್ಚಬೇಕಾಗುತ್ತಿತ್ತು. ನಿಮ್ಮ ವಿಂಡೋಸ್ ತಂಡದವರೆಲ್ಲ ವಿಂಡೋಸ್‌ನಲ್ಲೇ ಇದ್ದದ್ದರಿಂದ ಅದರ ಅಗತ್ಯ ಬರಲಿಲ್ಲ.

ಗಿಟ್‌ನಲ್ಲಿ ಇದಕ್ಕೆ ಎರಡು ದಾರಿ ಇವೆ. ಪ್ರತಿಯೊಬ್ಬರೂ ತಮ್ಮ ಕಂಪ್ಯೂಟರಿನಲ್ಲಿ ಆಟೋಸಿಆರ್‌ಎಲ್‌ಎಫ್ ಎಂಬ ಸೆಟ್ಟಿಂಗ್ ಇಟ್ಟುಕೊಳ್ಳುವುದು ಒಂದು. ನಾನು ಇದನ್ನು ನೆಚ್ಚುವುದಿಲ್ಲ. 22 ಜನರಲ್ಲಿ ಒಬ್ಬರು ಹೊಸ ಲ್ಯಾಪ್‌ಟಾಪ್ ತಂದು ಮರೆತರೆ ಮತ್ತೆ ಅದೇ ಗೋಳು. ಎರಡನೆಯದು, ಗಿಟ್‌ಆಟ್ರಿಬ್ಯೂಟ್ಸ್ ಎಂಬ ಫೈಲನ್ನು ರೆಪೊದ ಒಳಗೇ ಇಡುವುದು. ನಿಯಮ ಕೋಡಿನ ಜೊತೆಗೇ ಇರುತ್ತದೆ, ರೆಪೊ ತೆಗೆದುಕೊಂಡವರಿಗೆಲ್ಲ ತಾನಾಗಿ ಅನ್ವಯವಾಗುತ್ತದೆ. ಇದನ್ನೇ ಮಾಡಿ.

ಅದರಲ್ಲಿ ಬರೆಯಬೇಕಾದ್ದು ಜಾಸ್ತಿ ಏನಿಲ್ಲ. ಟೆಕ್ಸ್ಟ್ ಫೈಲುಗಳನ್ನು ಗಿಟ್ ತಾನೇ ಗುರುತಿಸಿ ರೆಪೊ ಒಳಗೆ ಎಲ್ಎಫ್‌ನಲ್ಲೇ ಇಡಲಿ ಎಂಬುದು ಮೊದಲ ಸಾಲು. ಶೆಲ್ ಸ್ಕ್ರಿಪ್ಟ್‌ಗಳು ಎಲ್ಲ ಕಡೆಯೂ ಎಲ್ಎಫ್ ಆಗಿರಲಿ. ಇಲ್ಲದಿದ್ದರೆ ಲಿನಕ್ಸ್ ಸರ್ವರ್‌ನಲ್ಲಿ "ಬ್ಯಾಡ್ ಇಂಟರ್‌ಪ್ರಿಟರ್" ಎಂದು ನಿಂತುಬಿಡುತ್ತವೆ. ವಿಂಡೋಸ್‌ನ ಬ್ಯಾಚ್ ಫೈಲು, ವಿಷುವಲ್ ಸ್ಟುಡಿಯೋದ ಸೊಲ್ಯೂಷನ್ ಫೈಲು ಎಲ್ಲ ಕಡೆಯೂ ಸಿಆರ್‌ಎಲ್‌ಎಫ್ ಆಗಿರಲಿ. ಚಿತ್ರ, ಪಿಡಿಎಫ್ ಮುಟ್ಟಬೇಡ ಎಂದು ಹೇಳಿ.

ನಿಮ್ಮ ಕೆಲಸಕ್ಕೆ ಮಾತ್ರ ಬೇಕಾಗುವ ಇನ್ನೊಂದು ಸಾಲಿದೆ. ತೂಕದ ಬೋರ್ಡಿನಿಂದ ಬಂದ ಸಾಲುಗಳನ್ನು ಹಾಗೇ ಹಿಡಿದಿಟ್ಟು ಟೆಸ್ಟ್‌ಗೆ ಬಳಸುತ್ತೀರಲ್ಲ, ಆ ಫೈಲುಗಳನ್ನು ಗಿಟ್ ಸುತರಾಂ ಮುಟ್ಟಬಾರದು. ಎಷ್ಟೋ ತೂಕದ ಯಂತ್ರಗಳು ತಮ್ಮ ಸಾಲಿನ ಕೊನೆಗೂ ಸಿಆರ್ ಮತ್ತು ಎಲ್ಎಫ್ ಕಳಿಸುತ್ತವೆ. ಅಲ್ಲಿ ಅವು ಸಂದೇಶದ ಭಾಗ. ಗಿಟ್ ಅದನ್ನು ಟೆಕ್ಸ್ಟ್ ಎಂದು ತಿಳಿದು ಸಿಆರ್ ತೆಗೆದುಬಿಟ್ಟರೆ ವಿಂಡೋಸ್‌ನಲ್ಲಿ ಪಾಸಾಗುವ ಟೆಸ್ಟ್ ಲಿನಕ್ಸ್‌ನಲ್ಲಿ ಫೇಲ್ ಆಗುತ್ತದೆ. ಕಾರಣ ಹುಡುಕುತ್ತಾ ನಾನು ಒಂದು ಇಡೀ ಶನಿವಾರ ಕಳೆದಿದ್ದೇನೆ.

ಈ ಫೈಲ್ ಸೇರಿಸಿದ ಮೇಲೆ ಇರುವ ಕೋಡನ್ನೆಲ್ಲ ಒಮ್ಮೆ ಹೊಸ ನಿಯಮಕ್ಕೆ ತರಬೇಕು. ಗಿಟ್‌ನಲ್ಲಿ ಇದಕ್ಕೆ ರೀನಾರ್ಮಲೈಸ್ ಎಂಬ ಆಯ್ಕೆ ಇದೆ. ಅದನ್ನು ಒಂದೇ ಕಮಿಟ್ ಆಗಿ ಮಾಡಿ, ಬೇರೆ ಯಾವ ಬದಲಾವಣೆಯನ್ನೂ ಅದಕ್ಕೆ ಬೆರೆಸಬೇಡಿ. ಅದಕ್ಕೂ ಮೊದಲು ಎಲ್ಲರೂ ತಮ್ಮ ಅರ್ಧ ಉಳಿದ ಕೆಲಸವನ್ನು ಮರ್ಜ್ ಮಾಡಿ (ಮುಖ್ಯ ಕೋಡಿಗೆ ಸೇರಿಸಿ) ಮುಗಿಸಿರಲಿ. ಶುಕ್ರವಾರ ಸಂಜೆ ಮಾಡಿದರೆ ಒಳ್ಳೆಯದು.

ಹೆಸರುಗಳ ಜಗಳ

ವಿಂಡೋಸ್‌ಗೂ, ಸಾಮಾನ್ಯವಾಗಿ ಮ್ಯಾಕ್‌ಗೂ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರದ ಹೆಸರು ಒಂದೇ. ಲಿನಕ್ಸ್‌ಗೆ ಅವು ಎರಡು ಬೇರೆ ಫೈಲು. ಹೀಗಾಗಿ ಡೆವಲಪರ್ ಕಂಪ್ಯೂಟರಿನಲ್ಲಿ ನಡೆದ ಜಾವಾಸ್ಕ್ರಿಪ್ಟ್ ಕೋಡು ಸರ್ವರಿಗೆ ಹೋದಾಗ "ಮಾಡ್ಯೂಲ್ ಸಿಗಲಿಲ್ಲ" ಅನ್ನುತ್ತದೆ. ಇನ್ನೊಂದು ವಿಚಿತ್ರ ಇದೆ. ಎಯುಎಕ್ಸ್, ಸಿಒಎನ್, ಪಿಆರ್‌ಎನ್ ಅನ್ನುವ ಮೂರಕ್ಷರದ ಹೆಸರುಗಳನ್ನು ವಿಂಡೋಸ್ ಡಾಸ್ ಕಾಲದಿಂದ ಯಂತ್ರಭಾಗಗಳಿಗೆ ಮೀಸಲಿಟ್ಟಿದೆ. ಲಿನಕ್ಸ್ ಕರ್ನಲ್‌ನ ಕೋಡಿನಲ್ಲಿ ಈ ಎರಡೂ ಥರದ ಹೆಸರುಗಳಿವೆ. ಅದಕ್ಕೇ ಸಾದಾ ವಿಂಡೋಸ್ ಡಿಸ್ಕಿನ ಮೇಲೆ ಅದು ಪೂರ್ತಿಯಾಗಿ ಸರಿಯಾಗಿ ರೆಪೊದಿಂದ ಇಳಿಯುವುದೇ ಇಲ್ಲ. ನೀವು ಎಲ್ಲ ಫೈಲಿಗೂ ಸಣ್ಣಕ್ಷರ, ನಡುವೆ ಸ್ಪೇಸ್ ಇಲ್ಲ ಎಂದು ನಿಯಮ ಮಾಡಿ ಮುಂದೆ ಹೋಗಿ. ವಿಂಡೋಸ್ ತಂಡ ಸಿ ಶಾರ್ಪ್ ಭಾಷೆಯಲ್ಲಿ ಬರೆಯುತ್ತಿದ್ದರೆ ಅವರು ತಮ್ಮ ಪದ್ಧತಿಯಂತೆ ದೊಡ್ಡಕ್ಷರ ಇಟ್ಟುಕೊಳ್ಳಲಿ. ಅವರ ರೆಪೊ ವಿಂಡೋಸ್‌ನಲ್ಲೇ ಇರುತ್ತದಲ್ಲ.

ಕನ್ನಡದ ಹೆಸರುಗಳ ಬಗ್ಗೆ ಮಾತ್ರ ನಿಂತು ಹೇಳಬೇಕು, ಯಾಕೆಂದರೆ ಇದನ್ನು ಬೇರೆ ಯಾರೂ ನಮಗೆ ಹೇಳಿಕೊಡುವುದಿಲ್ಲ. ಬಿಲ್ಲಿನ ನಮೂನೆಗಳಿಗೆ, ವರದಿಗಳಿಗೆ ನೀವು ಕನ್ನಡದಲ್ಲಿ ಹೆಸರು ಇಟ್ಟಿರಬಹುದು. "ಕೋಲ್ಡ್" ಅನ್ನುವಲ್ಲಿ "ಕೋ" ನೋಡಿ. ಆ ಓಕಾರದ ಗುರುತನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘದ ಗುರುತು ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಎರಡೂ ಸರಿಯೇ, ಕಣ್ಣಿಗೂ ಒಂದೇ. ಮ್ಯಾಕ್‌ನ ಹಳೆಯ ಡಿಸ್ಕ್ ವ್ಯವಸ್ಥೆ ಫೈಲಿನ ಹೆಸರನ್ನು ಬಿಡಿಸಿಯೇ ಇಡುತ್ತಿತ್ತು. ಲಿನಕ್ಸ್‌ಗೆ ಅವು ಎರಡು ಬೇರೆ ಬೇರೆ ಹೆಸರು. ಒಂದೇ ಹೆಸರಿನ ಎರಡು ಫೈಲು ಪಕ್ಕಪಕ್ಕ ಕಾಣಿಸಿದರೆ ದೆವ್ವ ಬಂತು ಅನ್ನಬೇಡಿ, ಇದೇ ಕಾರಣ. ಮ್ಯಾಕ್‌ನ ಗಿಟ್‌ನಲ್ಲಿ ಹೆಸರನ್ನು ಕೂಡಿಸಿ ಇಡುವ ಸೆಟ್ಟಿಂಗ್ ಇದೆ, ಅದು ಹಾಕಿದೆಯೇ ನೋಡಿ. ಗಿಟ್ ನಿಮ್ಮ ಕನ್ನಡ ಹೆಸರನ್ನು ಓರೆಗೆರೆ ಮತ್ತು ಅಂಕಿಗಳ ಸಾಲಾಗಿ ತೋರಿಸಿದರೂ ಹೆದರಬೇಡಿ. ಕೋಟ್‌ಪಾತ್ ಎಂಬ ಸೆಟ್ಟಿಂಗ್ ಆಫ್ ಮಾಡಿದರೆ ಕನ್ನಡ ಕನ್ನಡವಾಗಿಯೇ ಕಾಣುತ್ತದೆ.

ಹತ್ತು ವರ್ಷದ ವಿಂಡೋಸ್ ಕೋಡು ಅಂದಿರಿ. ಹಾಗಾದರೆ ಅದರಲ್ಲಿ ನುಡಿ ಅಥವಾ ಬರಹದ ಹಳೆಯ ಫಾಂಟ್ ಸಂಕೇತದಲ್ಲಿ ಬರೆದ ಕನ್ನಡ ಇರುವ ಸಾಧ್ಯತೆ ಇದೆ. ಅದು ಯುನಿಕೋಡ್ ಅಲ್ಲ. ಯಾವ ಟೂಲ್‌ನಲ್ಲಿ ನೋಡಿದರೂ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿಯೇ ಕಾಣುತ್ತದೆ. ಗಿಟ್‌ಗೆ ಬಂದ ಮೇಲೆ ಕನ್ನಡ ಕೆಟ್ಟಿತು ಎಂದು ಯಾರಾದರೂ ಹೇಳಿದರೆ ಮೊದಲು ಎಸ್‌ವಿಎನ್‌ನಲ್ಲಿ ಅದು ಹೇಗೆ ಕಾಣುತ್ತಿತ್ತು ಎಂದು ತೋರಿಸಲು ಹೇಳಿ. ಅದನ್ನು ಯುನಿಕೋಡ್‌ಗೆ ತರುವುದು ಒಳ್ಳೆಯ ಕೆಲಸ, ಆದರೆ ಬೇರೆ ಕೆಲಸ. ಸ್ಥಳಾಂತರದ ಜೊತೆ ಅದನ್ನು ಮಾಡಲು ಹೋಗಬೇಡಿ. ಏನು ಯಾವುದರಿಂದ ಕೆಟ್ಟಿತು ಎಂದು ತಿಳಿಯದಂತಾಗುತ್ತದೆ.

ಚಿಕ್ಕದೊಂದು ಉಳಿಯಿತು. ವಿಂಡೋಸ್‌ನಿಂದ ಕಮಿಟ್ ಮಾಡಿದ ಸ್ಕ್ರಿಪ್ಟ್‌ಗೆ ಲಿನಕ್ಸ್‌ನಲ್ಲಿ ಓಡುವ ಅನುಮತಿ ಇರುವುದಿಲ್ಲ. ಗಿಟ್‌ನಲ್ಲೇ ಆ ಅನುಮತಿಯನ್ನು ಒಮ್ಮೆ ಹಚ್ಚಿದರೆ ಮುಗಿಯಿತು.

ನಿಮ್ಮ ಮುಂದಿರುವ ದಾರಿಗಳು

ಎಲ್ಲರೂ ಎಸ್‌ವಿಎನ್‌ಗೆ ಹೋಗುವುದು ಒಂದು ದಾರಿ. ಇದನ್ನು ನಗುವ ಮಾತಾಗಿ ನೋಡಬೇಡಿ. ಎಸ್‌ವಿಎನ್ ಕಲಿಯಲು ಸುಲಭ. ಫೋಲ್ಡರ್ ಫೋಲ್ಡರಿಗೆ ಬೇರೆ ಬೇರೆ ಅನುಮತಿ ಕೊಡಬಹುದು. ಬೋರ್ಡಿನ ಸರ್ಕ್ಯೂಟ್ ಡಿಸೈನ್‌ನಂಥ, ಮರ್ಜ್ ಮಾಡಲು ಬಾರದ ಫೈಲುಗಳಿಗೆ ಲಾಕ್ ಹಾಕುವ ವ್ಯವಸ್ಥೆ ಅದರಲ್ಲಿ ಬಹಳ ವರ್ಷದಿಂದ ಚೆನ್ನಾಗಿದೆ. ಆದರೆ ಕಮಿಟ್ ಮಾಡಲು ಸರ್ವರ್ ಸಿಗಲೇಬೇಕು. ಧಾರವಾಡದವರು ಗಿರಾಕಿಯ ಗೋದಾಮಿನಲ್ಲಿ ನೆಟ್ ಇಲ್ಲದೆ ಕೂತು ತಿದ್ದುವಾಗ ಅದು ತೊಡಕು. ಆಪಲ್ ತನ್ನ ಆ್ಯಪ್ ತಯಾರಿಸುವ ಟೂಲ್ ಎಕ್ಸ್‌ಕೋಡ್‌ನಿಂದ ಎಸ್‌ವಿಎನ್ ಬೆಂಬಲವನ್ನು ಕೆಲವು ವರ್ಷಗಳ ಹಿಂದೆಯೇ ತೆಗೆದುಹಾಕಿದೆ, ಮ್ಯಾಕ್ ತಂಡ ಒದ್ದಾಡುತ್ತದೆ. ಹೊಸದಾಗಿ ಸೇರುವ ಹುಡುಗ ಹುಡುಗಿಯರು ಕಾಲೇಜಿನಿಂದಲೇ ಗಿಟ್ ಕಲಿತು ಬರುತ್ತಾರೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಎರಡನೆಯದು, ಎಲ್ಲರೂ ಗಿಟ್‌ಗೆ ಬರುವುದು. ನಿಮ್ಮ ನಾಲ್ಕು ತಂಡದಲ್ಲಿ ಎರಡು ಈಗಾಗಲೇ ಅಲ್ಲಿವೆ. ನೆಟ್ ಇಲ್ಲದಿದ್ದರೂ ಕಮಿಟ್ ಆಗುತ್ತದೆ. ಅಪಾಯ ಇರುವುದು ದೊಡ್ಡ ಫೈಲುಗಳಲ್ಲಿ. ಗಿಟ್‌ನಲ್ಲಿ ಪ್ರತಿಯೊಬ್ಬರ ಕಂಪ್ಯೂಟರಿಗೂ ಇಡೀ ಹಿಸ್ಟರಿ ಇಳಿಯುತ್ತದೆ. ವಿಂಡೋಸ್ ತಂಡ ಹತ್ತು ವರ್ಷ ಪ್ರತಿ ಇನ್‌ಸ್ಟಾಲರನ್ನೂ ಎಸ್‌ವಿಎನ್‌ಗೆ ಹಾಕಿದ್ದರೆ ಅದೆಲ್ಲ ಎಲ್ಲರ ಲ್ಯಾಪ್‌ಟಾಪಿಗೂ ಬಂದು ಕೂರುತ್ತದೆ. ಗಿಟ್ ರೆಪೊ ಇಡುವ ಗಿಟ್‌ಹಬ್‌ನಂಥ ಜಾಲತಾಣದಲ್ಲಿ 100 ಎಂಬಿಗಿಂತ ದೊಡ್ಡ ಫೈಲನ್ನು ತೆಗೆದುಕೊಳ್ಳುವುದೇ ಇಲ್ಲ. ಸ್ಥಳಾಂತರ ಮಾಡುವಾಗಲೇ ಅವನ್ನು ಹೊರಗಿಡಿ. ನಿಜವಾಗಿ ಬೇಕಾದ ದೊಡ್ಡ ಫೈಲುಗಳಿಗೆ ಗಿಟ್ ಎಲ್‌ಎಫ್‌ಎಸ್ (ದೊಡ್ಡ ಫೈಲನ್ನು ರೆಪೊದ ಹೊರಗೆ ಬೇರೆಡೆ ಇಡುವ ಜೋಡಣೆ) ಬಳಸಿ, ಅದರಲ್ಲಿ ಲಾಕ್ ಕೂಡ ಇದೆ. ಇನ್ನೊಂದು ಅಪಾಯ ಪಾಸ್‌ವರ್ಡ್. ಡೇಟಾಬೇಸ್ ಪಾಸ್‌ವರ್ಡ್ ಒಮ್ಮೆ ಕಮಿಟ್ ಆದರೆ ಆಮೇಲೆ ಅಳಿಸಿದರೂ ಹಿಸ್ಟರಿಯಲ್ಲಿ ಉಳಿಯುತ್ತದೆ. ಹಳೆಯ ಕೋಡಿನಲ್ಲಿ ಅಂಥದ್ದು ಸಿಕ್ಕರೆ ಪಾಸ್‌ವರ್ಡನ್ನೇ ಬದಲಿಸಿಬಿಡಿ.

ಮೂರನೆಯದು, ಈಗ ಇರುವುದನ್ನು ಹಾಗೇ ಬಿಟ್ಟು ಮೇಲೊಂದು ರಿಲೀಸ್ ಪಟ್ಟಿ ಇಡುವುದು. ಇದು ಎಲ್ಲಕ್ಕಿಂತ ಅಗ್ಗ, ನಾಳೆಯೇ ಶುರು ಮಾಡಬಹುದು. ಕೈಯಿಂದ ಬರೆಯುವ ಪಟ್ಟಿ, ಸೀಸನ್ ಗಡಿಬಿಡಿಯಲ್ಲಿ ತಪ್ಪುತ್ತದೆ ಅನ್ನುವುದೇ ಇದರ ಕೊರತೆ.

ನನ್ನ ಸಲಹೆ: ಮೂರನೆಯದನ್ನು ಈ ವಾರ ಶುರು ಮಾಡಿ, ಅದರ ಮೇಲೆ ನಿಂತು ಎರಡನೆಯದಕ್ಕೆ ನಿಧಾನ ಹೋಗಿ.

ಹೇಗೆ ಅಂದರೆ, ರಿಲೀಸ್ ಎಂಬ ಐದನೆಯ ಒಂದು ಸಣ್ಣ ರೆಪೊ ಮಾಡಿ. ಅದರಲ್ಲಿ ಕೋಡ್ ಇಲ್ಲ. ಪ್ರತಿ ರಿಲೀಸ್‌ಗೂ ಒಂದು ಟೆಕ್ಸ್ಟ್ ಫೈಲು. ಫರ್ಮ್‌ವೇರ್ ಇಂಥ ಟ್ಯಾಗ್, ವಿಂಡೋಸ್ ಇಂಥದ್ದು, ಸರ್ವರ್ ಇಂಥದ್ದು, ಆ್ಯಪ್ ಇಂಥದ್ದು. ಎಸ್‌ವಿಎನ್ ಇರುವವರೆಗೆ ಆ ಸಾಲಿನಲ್ಲಿ ರಿವಿಷನ್ ನಂಬರ್ ಬರೆಯಿರಿ. ಯಾವ ಗಿರಾಕಿಗೆ ಯಾವ ದಿನ ಹಾಕಿದಿರಿ ಅನ್ನುವುದೂ ಅಲ್ಲೇ ಇರಲಿ. ಈ ಪಟ್ಟಿಯಲ್ಲಿ ಹೆಸರಿಲ್ಲದ ಕೋಡು ಆಫೀಸಿನಿಂದ ಹೊರಗೆ ಹೋಗುವಂತಿಲ್ಲ ಎಂದು ಮಾಲೀಕರ ಬಾಯಿಂದಲೇ ಹೇಳಿಸಿ. ನೀವು ಹೇಳುವುದಕ್ಕೂ ಅವರು ಹೇಳುವುದಕ್ಕೂ ವ್ಯತ್ಯಾಸ ಇದೆ.

ಸ್ಥಳಾಂತರವನ್ನು ಫರ್ಮ್‌ವೇರ್‌ನಿಂದ ಶುರು ಮಾಡಿ. ಅಲ್ಲಿ ಬಿಡಬೇಕಾದ ಹಳೆಯ ಸಿಸ್ಟಮ್ ಇಲ್ಲ, ಜನ ಇಬ್ಬರೇ, ಅಪಾಯ ಮಾತ್ರ ಎಲ್ಲರಿಗಿಂತ ಜಾಸ್ತಿ. ಹಳೆಯ ಜಿಪ್‌ಗಳನ್ನು ದಿನಾಂಕದ ಪ್ರಕಾರ ಜೋಡಿಸಿ ಒಂದೊಂದಾಗಿ ಕಮಿಟ್ ಮಾಡಿದರೆ ಅಷ್ಟೋ ಇಷ್ಟೋ ಹಿಸ್ಟರಿ ಸಿಗುತ್ತದೆ. ಯಾವ ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಂ), ಅದರ ಯಾವ ವರ್ಷನ್ ಎಂದು ರೆಪೊದಲ್ಲಿ ಬರೆದಿಡಲು ಹೇಳಿ. ಬೇರೆ ವರ್ಷನ್ ಕಂಪೈಲರ್ ಅದೇ ಕೋಡಿನಿಂದ ಬೇರೆ ಹೆಕ್ಸ್ ಫೈಲು (ಬೋರ್ಡಿಗೆ ತುಂಬುವ ಅಂತಿಮ ಫೈಲು) ಕೊಡಬಹುದು. ಆದ್ದರಿಂದ ಗಿರಾಕಿಗೆ ಹೋದ ಹೆಕ್ಸ್ ಫೈಲನ್ನೂ ರಿಲೀಸ್ ಹೆಸರಿನಲ್ಲಿ ಜೋಪಾನ ಇಡಿ. ಆಮೇಲೆ ಮ್ಯಾಕ್ ತಂಡದ ಖಾತೆಯನ್ನು ಒಂದೇ ಸರ್ವರಿಗೆ ತನ್ನಿ, ಅದು ಒಂದು ದಿನದ ಕೆಲಸ. ವಿಂಡೋಸ್ ತಂಡವನ್ನು ಕೊನೆಗೆ, ಸೀಸನ್ ಮುಗಿದ ಮೇಲೆ ಮುಟ್ಟಿ. ಮೊದಲು ಒಂದು ಪ್ರತಿಯ ಮೇಲೆ ಸ್ಥಳಾಂತರದ ತಾಲೀಮು ಮಾಡಿ. ಹಳೆಯ ಮೂರು ರಿಲೀಸ್‌ಗಳನ್ನು ಎಸ್‌ವಿಎನ್‌ನಿಂದಲೂ, ಗಿಟ್‌ನಿಂದಲೂ ತೆಗೆದು ಫೈಲು ಫೈಲು ಹೋಲಿಸಿ. ಒಂದೇ ಇದ್ದರೆ ಮುಂದುವರಿಯಿರಿ.

ಸರ್ವರ್ ಆಫೀಸಿನಲ್ಲೇ ಬೇಕೆಂದರೆ ಗಿಟೀ ಅಥವಾ ಗಿಟ್‌ಲ್ಯಾಬ್‌ನ ಉಚಿತ ಆವೃತ್ತಿ ಸಾಕು. ಬ್ಯಾಕಪ್ ಮಾತ್ರ ಆ ಕಟ್ಟಡದ ಹೊರಗೂ ಒಂದು ಇರಲಿ.

ಬಿಲ್ಡ್ ಕಂಪ್ಯೂಟರಿನ ಮಾತು ಹೇಳಿದ್ದೆ. ಡೆವಲಪರ್ ಲ್ಯಾಪ್‌ಟಾಪಿನಲ್ಲಿ ಮಾಡಿದ ಬಿಲ್ಡ್ ಗಿರಾಕಿಗೆ ಹೋಗಬಾರದು. ಒಂದು ವಿಂಡೋಸ್, ಒಂದು ಲಿನಕ್ಸ್, ಒಂದು ಮ್ಯಾಕ್, ಇವು ರೆಪೊದಿಂದ ಟ್ಯಾಗ್ ತೆಗೆದುಕೊಂಡು ತಾವೇ ಬಿಲ್ಡ್ ಮಾಡಬೇಕು. ಐಫೋನ್ ಆ್ಯಪ್‌ಗೆ ಮ್ಯಾಕ್ ಬೇಕೇ ಬೇಕು, ಹಳೆಯ ಮ್ಯಾಕ್ ಮಿನಿ ಇದ್ದರೂ ನಡೆಯಬಹುದು. "ನಮ್ಮ ಸಿಸ್ಟಮ್‌ನ್ಯಾಗ ನಡೀತೈತಿ" ಅನ್ನುವ ಮಾತು ಆವತ್ತಿನಿಂದ ನಿಲ್ಲುತ್ತದೆ, ಯಾಕೆಂದರೆ ಯಾರ ಸಿಸ್ಟಮ್ಮೂ ಲೆಕ್ಕಕ್ಕೆ ಬರುವುದಿಲ್ಲ. ಬಿಲ್ಡ್ ಆಗುವಾಗಲೇ ಟ್ಯಾಗ್ ಹೆಸರು ಪ್ರೋಗ್ರಾಂನ ಒಳಗೆ ಸೇರಲಿ. ವಿಂಡೋಸ್ ಪರದೆಯ ಮೂಲೆಯಲ್ಲಿ ಅದು ಕಾಣಲಿ. ಬೋರ್ಡಿಗೆ ಕೇಬಲ್‌ನಲ್ಲಿ ಒಂದು ಪ್ರಶ್ನೆ ಕಳಿಸಿದರೆ ಅದು ತನ್ನ ವರ್ಷನ್ ಹೇಳಲಿ. ಆ ಎರಡೂ ರಿಲೀಸ್ ಪಟ್ಟಿಗೆ ಹೊಂದದಿದ್ದರೆ ಪ್ರೋಗ್ರಾಂ ತೂಕ ತೆಗೆದುಕೊಳ್ಳುವುದನ್ನೇ ನಿಲ್ಲಿಸಲಿ. ನಾನು ಆ ಕೋಲ್ಡ್ ಸ್ಟೋರೇಜ್ ಘಟನೆಯ ನಂತರ ಮಾಡಿಸಿದ ಮೊದಲ ಬದಲಾವಣೆ ಇದು.

ನಿಮ್ಮ ಹಿರಿಯರ ಬಗ್ಗೆ ಒಂದು ಮಾತು. ಅವರನ್ನು ಗೆಲ್ಲಬೇಕಾದ ಎದುರಾಳಿ ಎಂದು ನೋಡಬೇಡಿ. ಹತ್ತು ವರ್ಷದ ಕೋಡನ್ನು ಒಂದು ಸಾಲೂ ಕಳೆಯದೆ ಇಟ್ಟುಕೊಂಡು ಬಂದವರು ಅವರು. ನಿಮ್ಮ ನಾಲ್ಕು ತಂಡದಲ್ಲಿ ಈ ಕೆಲಸದ ಶಿಸ್ತು ಎಲ್ಲರಿಗಿಂತ ಹೆಚ್ಚು ಇರುವುದು ಅವರಲ್ಲೇ ಇರಬಹುದು. ರಿಲೀಸ್ ಪಟ್ಟಿಯ ಜವಾಬ್ದಾರಿ ಅವರಿಗೇ ಕೊಡಿ. ಎಸ್‌ವಿಎನ್ ಅನ್ನು ಮೆನುವಿನಿಂದ ನಡೆಸುವ ಟಾರ್ಟಾಯ್ಸ್ ಎಸ್‌ವಿಎನ್‌ಗೆ ಕೈ ಕೂತಿದ್ದರೆ ಟಾರ್ಟಾಯ್ಸ್ ಗಿಟ್ ಹಾಕಿಕೊಡಿ, ಮೆನು ಬಹುಪಾಲು ಅದೇ ಥರ ಇದೆ. ಕಮಿಟ್ ಮಾಡಿದ ಮೇಲೆ ಪುಶ್ ಕೂಡ ಮಾಡಬೇಕು (ಸರ್ವರಿಗೆ ಕಳಿಸಬೇಕು), ಇಲ್ಲದಿದ್ದರೆ ಕೆಲಸ ಅವರ ಕಂಪ್ಯೂಟರಿನಲ್ಲೇ ಉಳಿಯುತ್ತದೆ ಎಂಬುದನ್ನು ಮಾತ್ರ ಎರಡು ಸಲ ಹೇಳಿ. ಎಸ್‌ವಿಎನ್‌ನಿಂದ ಬಂದವರು ಎಡವುವುದು ಅಲ್ಲೇ.

ಈ ಉತ್ತರ ಓದಿ ಮುಗಿಸಿದ ಮೇಲೆ ಧಾರವಾಡಕ್ಕೆ ಒಂದು ಫೋನ್ ಮಾಡಿ. ಫರ್ಮ್‌ವೇರ್ ಕೋಡ್ ಇರುವ ಆ ಇಬ್ಬರ ಲ್ಯಾಪ್‌ಟಾಪಿನಿಂದ ಎಲ್ಲ ಜಿಪ್‌ಗಳ ಒಂದು ಪ್ರತಿಯನ್ನು ಇವತ್ತು ಸಂಜೆಯೊಳಗೆ ಇನ್ನೊಂದು ಡಿಸ್ಕಿಗೆ ತೆಗೆಸಿ. ಉಳಿದದ್ದಕ್ಕೆಲ್ಲ ಸಮಯ ಇದೆ, ಇದಕ್ಕೆ ಇಲ್ಲ.